ಹದಿನಾಲ್ಕು ಪಾಸ್‌ವರ್ಡುಗಳು

ಜನರ ಮನಸ್ಸು ಒಲಿಸುವ ಕೆಲಸಕ್ಕೆ ನನ್ನನ್ನು ಯಾಕೆ ಆರಿಸಿದರೋ ಇವತ್ತಿಗೂ ಗೊತ್ತಿಲ್ಲ. ಮೊದಲಿಂದಲೂ ನನಗೆ ಮೂಗಿನ ತುದಿಯಲ್ಲೇ ಕೋಪ. ತುಮಕೂರಿನಿಂದ ಮದ್ರಾಸಿಗೆ ಬಂದು ಎರಡು ವರ್ಷವಾಗಿತ್ತು, ತಮಿಳು ಅರ್ಧಂಬರ್ಧ ಬರುತ್ತಿತ್ತು. ಸಂಜೆ ಹೊತ್ತು ಹೋಗಿ ಕಂಪ್ಯೂಟರ್ ಕೋರ್ಸ್ ಮುಗಿಸಿದ್ದೆ, ಬಹುಶಃ ಅದೊಂದೇ ನನ್ನ ಯೋಗ್ಯತೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಎಗ್ಮೋರ್ ಸ್ಟೇಷನ್ನಿಗೆ ಕೂಗಳತೆಯಲ್ಲಿದ್ದ ನಮ್ಮ ವಿಮಾ ಕಚೇರಿಗೆ ಹೊಸ ಸಾಫ್ಟ್‌ವೇರ್ ಬಂತು. ಪಾಲಿಸಿದಾರರ ವಿಳಾಸ ಬದಲಾದರೂ, ನಾಮಿನಿ ಬದಲಾದರೂ ಇನ್ನು ಮೇಲೆ ರಿಜಿಸ್ಟರಿನಲ್ಲಿ ಬರೆಯುವಂತಿಲ್ಲ, ಕಂಪ್ಯೂಟರಿಗೇ ಹಾಕಬೇಕು. ನಮ್ಮ ವಿಭಾಗದ ಹದಿನೈದು ಜನರಿಗೆ ಇದನ್ನು ರೂಢಿ ಮಾಡಿಸುವುದು, ಯಾರ ಹೆಸರಿನಲ್ಲಿ ಎಷ್ಟು ನಮೂದಾಯಿತು ಎಂದು ಪ್ರತಿ ಶನಿವಾರ ಮೇಲಿನ ಕಚೇರಿಗೆ ಪಟ್ಟಿ ಕಳಿಸುವುದು ನನ್ನ ಪಾಲಿಗೆ ಬಿತ್ತು.

ಹದಿನೈದರಲ್ಲಿ ಹೆಚ್ಚಿನವರು ಐವತ್ತರ ಆಚೀಚಿನವರು. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಬರಬೇಕೆಂಬ ನಿಯಮವಿತ್ತು. ಬಾಗಿಲ ಹೊರಗೆ ಚಪ್ಪಲಿ ಕಳಚಿ, ಎ.ಸಿ. ಚಳಿಗೆ ಕೈ ಕಟ್ಟಿಕೊಂಡು, ಗರ್ಭಗುಡಿಗೆ ಬಂದವರಂತೆ ಒಳಗೆ ಬರುತ್ತಿದ್ದರು. ಒಬ್ಬ ಹಿರಿಯರಂತೂ ಕೀಲಿಗಳನ್ನು ಪೆನ್ಸಿಲಿನ ಹಿಂಬದಿಯಿಂದ ಒತ್ತುತ್ತಿದ್ದರು. ಹುರಿದುಂಬಿಸಬೇಕಾಗಿದ್ದ ನಾನು ಗದರಿಸುತ್ತಿದ್ದೆ. "ಸಾರ್, ಅದು ಬಾಂಬಲ್ಲ, ಕೈಯಲ್ಲೇ ಒತ್ತಿ" ಎಂದು ಎಲ್ಲರೆದುರು ಅಂದೆ. ಉಳಿದವರು ನಕ್ಕರು. ಅವರು ಮಾತ್ರ ನಗಲಿಲ್ಲ, ಅಂದಿನಿಂದ ನನ್ನನ್ನು ಏನನ್ನೂ ಕೇಳಲಿಲ್ಲ.

ಕೇಳುತ್ತಿದ್ದದ್ದೆಲ್ಲ ಅಕ್ಕನನ್ನು. ಆಕೆಯೂ ನಮ್ಮ ವಿಭಾಗದವರೇ, ಐವತ್ತೆರಡು ವಯಸ್ಸು, ತಾತನ ಕಾಲದಲ್ಲೇ ಮೈಸೂರು ಬಿಟ್ಟು ಬಂದ ಮನೆತನ. ಇಡೀ ಮಹಡಿಯಲ್ಲಿ ನನ್ನ ಜೊತೆ, ತಮಿಳು ಬೆರೆತದ್ದಾದರೂ, ಕನ್ನಡದಲ್ಲಿ ಮಾತಾಡುತ್ತಿದ್ದವರು ಅವರೊಬ್ಬರೇ, ಹಾಗಾಗಿ ಮೇಡಂ ಅನ್ನುವುದು ಬಿಟ್ಟು ಅಕ್ಕ ಅನ್ನುತ್ತಿದ್ದೆ. ಸಾಫ್ಟ್‌ವೇರನ್ನು ಅವರು ನಾಲ್ಕು ದಿನದಲ್ಲಿ ಕಲಿತರು. ಅವರಿಗೆ ಹೇಳಿಕೊಡುವಾಗ ಮಾತ್ರ ನನಗೆ ಸಿಟ್ಟು ಬರಲಿಲ್ಲ.

ಅವರ ಮನೆ ಮೈಲಾಪೂರಿನ ಹಳೆಯದೊಂದು ಫ್ಲ್ಯಾಟು. ಒಮ್ಮೆ ಊಟಕ್ಕೆ ಕರೆದಿದ್ದರು. ಯಜಮಾನರು ಲಕ್ವ ಹೊಡೆದು ಮಂಚ ಹಿಡಿದಿದ್ದರು. ನಲವತ್ತು ವರ್ಷ ತಮಿಳಿನಲ್ಲೇ ವ್ಯವಹಾರ ಮಾಡಿದ ಮನುಷ್ಯನಿಗೆ ಆ ಪೆಟ್ಟಿನಲ್ಲಿ ತಮಿಳು ಪೂರ್ತಿ ಹೋಗಿ, ಚಿಕ್ಕಂದಿನಲ್ಲಿ ಅಮ್ಮನಿಂದ ಕಲಿತ ಕನ್ನಡ ಮಾತ್ರ ಉಳಿದಿತ್ತು. ಹಗಲು ನೋಡಿಕೊಳ್ಳುತ್ತಿದ್ದವಳು ಪಕ್ಕದ ಮನೆಯ ತಮಿಳು ಹೆಂಗಸು. ನೀರು, ನೋವು, ಸೆಕೆ, ಮಗ್ಗುಲು ಎಂದು ಒಂದಿಪ್ಪತ್ತು ಕನ್ನಡ ಮಾತನ್ನು ಅಕ್ಕ ಆಕೆಗೆ ಕಲಿಸಿದ್ದರು. ಆಕೆ ಅವನ್ನು ತನ್ನದೇ ರಾಗದಲ್ಲಿ ಹೇಳಿದಾಗ ಯಜಮಾನರ ಮುಖ ಅರಳುತ್ತಿತ್ತು. ಐದು ಗಂಟೆಯವರೆಗೆ ಅಕ್ಕನ ಬದುಕು ನಡೆಯುತ್ತಿದ್ದದ್ದು ಆ ಇಪ್ಪತ್ತು ಮಾತಿನ ಮೇಲೆ.

ಎರಡನೇ ತಿಂಗಳ ಹೊತ್ತಿಗೆ ನಮ್ಮ ಪಟ್ಟಿ ಇದ್ದಕ್ಕಿದ್ದಂತೆ ಚೆನ್ನಾಗಿ ಕಾಣತೊಡಗಿತು. ಪೆನ್ಸಿಲಿನ ಹಿರಿಯರ ಹೆಸರಿನಲ್ಲೇ ದಿನಕ್ಕೆ ಮೂವತ್ತು ನಮೂದು! ನನ್ನ ಬೋಧನೆಯ ಪ್ರಭಾವ ಅಂದುಕೊಂಡು ಎರಡು ದಿನ ಉಬ್ಬಿದೆ. ಮೂರನೇ ದಿನ ಮಧ್ಯಾಹ್ನ ಕೋಣೆಗೆ ಹೋದರೆ ಅಕ್ಕ ಒಬ್ಬರೇ ಕೂತಿದ್ದರು, ಪಕ್ಕದಲ್ಲಿ ಹದಿನಾಲ್ಕು ಜನರ ಕಾಗದದ ಕಟ್ಟು. ಒಬ್ಬರ ಹೆಸರು, ಪಾಸ್‌ವರ್ಡು ಹಾಕಿ ಒಳಗೆ ಹೋಗಿ ಅವರ ಕಾಗದ ಮುಗಿಸುವುದು, ಹೊರಗೆ ಬಂದು ಇನ್ನೊಬ್ಬರ ಹೆಸರಿನಲ್ಲಿ ಹೋಗುವುದು. ತಿಂಗಳಿಗೊಮ್ಮೆ ಪಾಸ್‌ವರ್ಡು ಬದಲಾಯಿಸಲು ಯಂತ್ರ ಕೇಳುತ್ತಿತ್ತಲ್ಲ, ಆ ಕಾಟವನ್ನೂ ತಾವೇ ವಹಿಸಿಕೊಂಡು ಒಬ್ಬೊಬ್ಬರಿಗೆ ಒಂದೊಂದು ಹೂವಿನ ಹೆಸರು ಇಟ್ಟಿದ್ದರು.

"ಏನಕ್ಕಾ ಇದು?" ಅಂದೆ.

"ಪಾವಂಪ್ಪಾ, ಪಾಪ, ಅವ್ರಿಗೆ ಕೈ ನಡುಗತ್ತೆ. ನಿನ್ನ ಕಂಡ್ರೆ ಇನ್ನೂ ಜಾಸ್ತಿ ನಡುಗತ್ತೆ" ಎಂದು ನಕ್ಕರು. "ಚುಮ್ಮಾ, ಬರೀ ಟೈಪ್ ತಾನೆ, ನಾನೇ ಹಾಕ್ಬಿಡ್ತೀನಿ. ಅಪ್ಪುರಂ ನಿಧಾನಕ್ಕೆ ಅವ್ರೇ ಕಲೀತಾರೆ."

"ನಿಮ್ಮ ಕಾಗದ?"

"ಅದನ್ನೂ ಹಾಕ್ತೀನಿ. ಯಾರ ಹೆಸ್ರು ತೆಗ್ದಿರತ್ತೋ ಅದ್ರಲ್ಲೇ ಹಾಕ್ತೀನಿ. ಮತ್ತೆ ಹೊರಗ್ ಬಂದು ಒಳಗ್ ಹೋಗೋಕೆ ಹತ್ ನಿಮಿಷ ಹಿಡಿಯತ್ತಪ್ಪಾ, ಐದು ಗಂಟೆ ಬಸ್ಸು ತಪ್ಪತ್ತೆ."

ಕೂಡುಮನೆಯಲ್ಲಿ ಎಲ್ಲರಿಗೂ ಬಡಿಸಿ, ತಮಗೆ ಎಲೆ ಹಾಕಿಕೊಳ್ಳದೆ ಪಾತ್ರೆಯಲ್ಲೇ ಕಲಸಿ ಉಣ್ಣುವ ಹೆಂಗಸರ ಹಾಗೆ. ಆ ಕ್ಷಣವೇ ನಿಲ್ಲಿಸಬೇಕಾಗಿತ್ತು. ಎಲ್ಲದಕ್ಕೂ ರೇಗುವವನು ರೇಗಲೇಬೇಕಾದ ಆ ಒಂದು ಜಾಗದಲ್ಲಿ ಬಾಯಿ ಮುಚ್ಚಿಕೊಂಡೆ. ನಿಲ್ಲಿಸಿದರೆ ಶನಿವಾರದ ಪಟ್ಟಿ ಮಕಾಡೆ ಮಲಗುತ್ತಿತ್ತು. ಮುಂದೊಂದು ದಿನ ಇಬ್ಬರು ಮೂವರು ತಾವಾಗಿ ಕಲಿಯಲು ಬಂದಾಗ ನಾನೇ, "ಅಕ್ಕನಿಗೆ ಕೊಟ್ಟುಬಿಡಿ, ಬೇಗ ಆಗುತ್ತೆ" ಅಂದದ್ದೂ ಉಂಟು. ಆರು ತಿಂಗಳ ಹೊತ್ತಿಗೆ ಮೇಲಿನ ಕಚೇರಿಯಿಂದ ನನಗೆ ಮೆಚ್ಚುಗೆಯ ಪತ್ರ ಬಂತು.

ಅದರ ಬೆನ್ನಿಗೇ ಇನ್ನೊಂದು ಬಂತು. ಹೊಸ ವ್ಯವಸ್ಥೆಗೆ ಹೊಂದಿಕೊಳ್ಳದ ಸಿಬ್ಬಂದಿಯನ್ನು, ಕಂಪ್ಯೂಟರ್ ಇನ್ನೂ ಬಾರದ ದೂರದ ಶಾಖೆಗಳಿಗೆ ಕಳಿಸುವ ಆದೇಶ. ಯಾರು ಹೊಂದಿಕೊಂಡಿಲ್ಲ ಎಂದು ಅವರು ಯಾರನ್ನೂ ಕೇಳಲಿಲ್ಲ, ನನ್ನ ಶನಿವಾರದ ಪಟ್ಟಿಗಳನ್ನೇ ನೋಡಿದ್ದರು. ನಮ್ಮ ವಿಭಾಗದಿಂದ ಒಂದೇ ಹೆಸರಿತ್ತು, ತಿಂಗಳುಗಟ್ಟಲೆ ಪಟ್ಟಿಯಲ್ಲಿ ಸೊನ್ನೆ ತೋರಿಸಿದ್ದ ಅಕ್ಕನದು. ಊರು, ತಿರುನೆಲ್ವೇಲಿ ಕಡೆಯ ಒಂದು ಸಣ್ಣ ಶಾಖೆ.

ಮ್ಯಾನೇಜರ ಬಳಿ ಓಡಿದೆ. ಪೂರ್ತಿ ಕೇಳಿಸಿಕೊಂಡರು. ಕೆಟ್ಟ ಮನುಷ್ಯರೇನಲ್ಲ. "ಹಾಗಂತ ಬರೆದು ಕೊಡಿ, ಇವತ್ತೇ ಮೇಲಕ್ಕೆ ಕಳಿಸುತ್ತೇನೆ" ಅಂದರು. "ಆದರೆ ಪಾಸ್‌ವರ್ಡು ಕೊಟ್ಟ ಹದಿನಾಲ್ಕು ಜನರಿಗೂ ಮೆಮೊ ಬರುತ್ತೆ. ಗೊತ್ತಿದ್ದೂ ಸುಳ್ಳು ಪಟ್ಟಿ ಕಳಿಸಿದ ನಿಮ್ಮ ಮೇಲೆ ವಿಚಾರಣೆ ಆಗುತ್ತೆ. ಯೋಚಿಸಿ."

ಬರೆದೆ. ಎರಡು ಪುಟ ಬರೆದು, ಚೀಲದಲ್ಲಿಟ್ಟುಕೊಂಡು ನಾಲ್ಕು ದಿನ ಓಡಾಡಿದೆ. ನಾನೊಬ್ಬನೇ ಯಾಕೆ ಸಿಕ್ಕಿಬೀಳಬೇಕು, ಪಾಸ್‌ವರ್ಡು ಕೊಟ್ಟವರೂ ಬಾಯಿ ಬಿಡಲಿ ಎಂಬ ಹಟ ಬೇರೆ. ಹದಿನಾಲ್ಕು ಜನರನ್ನು ಒಟ್ಟು ಸೇರಿಸಿ, ನನ್ನ ಜೊತೆ ಸಹಿ ಹಾಕುತ್ತೀರಾ ಎಂದು ಕೇಳಿದೆ. ಒಬ್ಬರ ಮಗಳ ಮದುವೆ ಗೊತ್ತಾಗಿತ್ತು, ಇನ್ನೊಬ್ಬರಿಗೆ ನಿವೃತ್ತಿಗೆ ಹನ್ನೊಂದು ತಿಂಗಳಿತ್ತು. ಪೆನ್ಸಿಲಿನ ಹಿರಿಯರು ಒಬ್ಬರೇ ತಲೆಯೆತ್ತಿ, "ನೀವು ಕೊಡಿ ಸಾರ್, ನಾನೂ ಸಹಿ ಹಾಕ್ತೇನೆ" ಅಂದರು. ಆಗಲಾದರೂ ಕೊಡಬಹುದಿತ್ತು. ಸಾಯಂಕಾಲ ಬಸ್‌ಸ್ಟಾಪಿನಲ್ಲಿ ಅಕ್ಕನಿಗೆ ಆ ಎರಡು ಪುಟ ತೋರಿಸಿದೆ. ಅವರು ಓದಿ ಮಡಿಸಿದರು.

"ಬೇಡಪ್ಪಾ. ಹದಿನಾಲ್ಕು ಮನೆ ಕಣ್ಣೀರು ನನಗ್ ಬೇಡ. ಅಲ್ಲೂ ಅದೇ ಆಫೀಸ್ ತಾನೆ, ಹೇಗೋ ಆಗತ್ತೆ."

"ಯಜಮಾನ್ರಿಗೆ ಅಲ್ಲಿ ಯಾರಿದಾರೆ ಅಕ್ಕಾ?"

ಅವರು ಮಡಿಸಿದ ಕಾಗದವನ್ನು ನನ್ನ ಕೈಗೆ ವಾಪಸ್ ಕೊಟ್ಟರು. ಬಸ್ಸು ಬಂತು, ಹತ್ತಿದರು. ಆ "ಬೇಡಪ್ಪಾ" ಕೇಳಿಸಿದೊಡನೆ ನನ್ನ ಎದೆ ಹಗುರಾಯಿತು. ಅದನ್ನು ಬಚ್ಚಿಟ್ಟು ಏನು ಪ್ರಯೋಜನ? ಅಕ್ಕನೇ ಬೇಡ ಅಂದರಲ್ಲ ಎಂಬ ನೆಪ ಸಿಕ್ಕಿತು, ಗಟ್ಟಿಯಾಗಿ ಹಿಡಿದುಕೊಂಡೆ. ಕಾಗದ ಹರಿದು ಹಾಕಿದೆ. ತಿಂಗಳ ಕೊನೆಗೆ ಎಗ್ಮೋರಿನಲ್ಲಿ ಯಜಮಾನರನ್ನು ಗಾಲಿಕುರ್ಚಿಯಿಂದ ಎತ್ತಿ ರೈಲಿಗೆ ಹತ್ತಿಸಿದವರಲ್ಲಿ ನಾನೂ ಒಬ್ಬ. ಪಕ್ಕದ ಮನೆಯ ಹೆಂಗಸು ಕಿಟಕಿಯ ಹತ್ತಿರ ನಿಂತು, ತನಗೆ ಬರುತ್ತಿದ್ದ ಕನ್ನಡದ ಮಾತುಗಳನ್ನೆಲ್ಲ ಅವರಿಗೆ ಒಂದೊಂದಾಗಿ ಹೇಳಿದಳು.

ಎರಡು ವಾರ ಕಾಗದ ಸುಮ್ಮನೆ ಗುಡ್ಡೆ ಬಿತ್ತು. ಮೂರನೇ ವಾರ ಮ್ಯಾನೇಜರು ಗದರಿದ ಮೇಲೆ ಹದಿನಾಲ್ಕು ಜನರೂ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಒಬ್ಬರಿಗೂ ತಮ್ಮ ಪಾಸ್‌ವರ್ಡು ಗೊತ್ತಿರಲಿಲ್ಲ. ಮೇಲಿನ ಕಚೇರಿಗೆ ಹೇಳಿ ಹೊಸದು ಕೇಳಿದರೆ ಬಣ್ಣ ಬಯಲಾಗುತ್ತಿತ್ತು. ಅಕ್ಕನ ಶಾಖೆಗೆ ಫೋನು ಮಾಡಿದೆ, ನಾಚಿಕೆಯಿಲ್ಲದೆ.

ಅಕ್ಕ "ಬರ್ಕೋಪ್ಪಾ" ಎಂದು ಶುರು ಮಾಡಿ, ಇವರಿಗೆ ಸಂಪಿಗೆ, ಇವರಿಗೆ ಕನಕಾಂಬರ, ಇವರಿಗೆ ಸೇವಂತಿಗೆ ಎಂದು ಹದಿನಾಲ್ಕನ್ನೂ ನೆನಪಿನಿಂದ ಹೇಳಿದರು. ಕೊನೆಯದನ್ನು ಬರೆದುಕೊಂಡ ಮೇಲೆ, "ಯಜಮಾನ್ರು ಹೇಗಿದಾರೆ ಅಕ್ಕಾ?" ಅಂದೆ.

"ಇದಾರಪ್ಪಾ. ಹಗಲು ಒಬ್ಳು ಆಯಾನ ಇಟ್ಟಿದೀನಿ, ಒಳ್ಳೆಯವ್ಳೇ. ಆದ್ರೆ ಇವ್ರು ಹೇಳೋದು ಅವ್ಳಿಗೆ ಗೊತ್ತಾಗಲ್ಲ, ಅವ್ಳು ಹೇಳೋದು ಇವ್ರಿಗೆ ಗೊತ್ತಾಗಲ್ಲ. ಒಂದ್ ವಾರ ಕೂಗಿ ಕೂಗಿ ನೋಡಿದ್ರು. ಈಗ ನಿಲ್ಲಿಸ್ಬಿಟ್ಟಿದಾರೆ. ನಾನ್ ಹೋಗಿ ಮಾತಾಡ್ಸಿದ್ರೂ ಇಲ್ಲ."

ಆ ಕಡೆಯಿಂದ ಅವರೇ, "ಎಲ್ಲಾ ಸರಿಯಾಗ್ ಬರ್ಕೊಂಡ್ಯಾ? ಇನ್ನೊಂದ್ಸಲ ಹೇಳ್ಲಾ?" ಎಂದು ಕೇಳಿದರು.

"ಬರ್ಕೊಂಡೆ ಅಕ್ಕಾ" ಅಂದೆ. ತಪ್ಪಾಯ್ತು ಅನ್ನಬೇಕಾಗಿತ್ತು, ಅನ್ನಲಿಲ್ಲ. ಹದಿನಾಲ್ಕು ಜನ ನನ್ನ ಸುತ್ತ ಕೈಯಲ್ಲಿ ಚೀಟಿ ಹಿಡಿದು ಕಾಯುತ್ತಿದ್ದರು. ಫೋನು ಇಟ್ಟು, ಒಬ್ಬೊಬ್ಬರಿಗೂ ಅವರವರ ಹೂವಿನ ಹೆಸರು ಹೇಳಿ ಬರೆಸಿದೆ.