ಖಾಕಿ ಕಾಗದದೊಳಗಿನ ಹುಡುಗಿಯರು

ನನ್ನ ಚಿಕ್ಕಮ್ಮ ಹೆಣ್ಣುಮಕ್ಕಳ ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುತ್ತಾಳೆ. ಮಕ್ಕಳು ಅವಳಿಗೆ ಬುಗುರಿ ಮಿಸ್ ಎಂದು ಹೆಸರಿಟ್ಟಿದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ಅವಳು ಕೂತು ಊಟ ಮಾಡಿದ್ದನ್ನು ನಾನು ನೋಡಿದ್ದೇ ಅಪರೂಪ. ತಟ್ಟೆ ಕೈಯಲ್ಲಿ ಹಿಡಿದುಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತಿರುತ್ತಾಳೆ. ಮೊದಲು ಬಟ್ಟೆ ಅಂಗಡಿಯಲ್ಲಿದ್ದಳು, ಆಮೇಲೆ ಟೈಪಿಂಗ್ ಕಲಿಸಿದಳು, ಎರಡು ಕಡೆಯೂ ಬಾಯಿ ಸುಮ್ಮನಿರದೆ ಕೆಲಸ ಬಿಟ್ಟಳು. "ಇವಳ ಕಾಲಲ್ಲಿ ಚಕ್ರ ಇದೆ" ಎಂದು ನನ್ನಮ್ಮ ಈಗಲೂ ನಿಟ್ಟುಸಿರು ಬಿಡುತ್ತಾಳೆ.

ಅವಳು ಬಂದಾಗ ಆ ಲೈಬ್ರರಿಯ ಕಪಾಟುಗಳಲ್ಲಿ ಮಹಾಪುರುಷರು ತುಂಬಿಕೊಂಡಿದ್ದರಂತೆ. ಹುಡುಗಿಯರಿಗೆ ಇದ್ದದ್ದು ಹೇಳಿದ ಮಾತು ಕೇಳಿ ಸುಖವಾಗಿ ಬಾಳಿದ ಹುಡುಗಿಯರ ಕಥೆಗಳು ಮಾತ್ರ. ಅಂಥ ಹುಡುಗಿಯರನ್ನು ಕಂಡರೆ ಚಿಕ್ಕಮ್ಮನಿಗೆ ಮೈಯೆಲ್ಲ ಉರಿ. ಹೆಡ್ ಮಿಸ್ಸನ್ನು ಕಾಡಿ ಬೇಡಿ ಹೊಸ ಕಾದಂಬರಿಗಳನ್ನು ತರಿಸಿದಳು. ಒಂದರಲ್ಲಿ ಅಪ್ಪ ಕುಡಿದು ಬರುತ್ತಾನೆ. ಇನ್ನೊಂದರಲ್ಲಿ ಹುಡುಗಿ ದಪ್ಪಗಿದ್ದೀಯ ಎಂಬ ಮಾತಿಗೆ ಊಟವನ್ನೇ ಬಿಡುತ್ತಾಳೆ. ಮತ್ತೊಂದರಲ್ಲಿ, ನಂಬಿದ ಹುಡುಗನೇ ಅವಳ ಫೋಟೋವನ್ನು ಎಲ್ಲರ ಫೋನಿಗೂ ಕಳಿಸುತ್ತಾನೆ. ಎಲ್ಲವನ್ನೂ ಚಿಕ್ಕಮ್ಮ ನಿಂತೇ ಓದಿ ಮುಗಿಸಿ, ನನಗೂ ಓದಿಸಿದಳು. ನನ್ನ ಕೆಲಸ ಪಕ್ಕದ ಬೀದಿಯ ಕನ್ನಡಕದಂಗಡಿಯಲ್ಲಿ. ಮಧ್ಯಾಹ್ನದ ಊಟ ಅವಳ ಜೊತೆಗೆ.

ಒಂದು ದಿನ ಹುಡುಗಿಯೊಬ್ಬಳ ತಾಯಿ ಕಾದಂಬರಿಯೊಂದನ್ನು ಮೇಜಿನ ಮೇಲೆ ಕುಕ್ಕಿದಳು. "ಇಂಥದ್ದೆಲ್ಲ ಓದಿಸಿ ಮಕ್ಕಳ ತಲೆ ಕೆಡಿಸ್ತೀರಾ?"

"ತಲೆ ಕೆಡಿಸೋದಕ್ಕೆ ಫೋನಿದೆಯಲ್ಲ ತಾಯಿ, ನನ್ನ ಪುಸ್ತಕ ಯಾಕೆ ಬೇಕು?" ಎಂದಳು ಚಿಕ್ಕಮ್ಮ. ಮಾತಿಗೆ ಮಾತು ಬೆಳೆಯಿತು. ಮರುದಿನವೇ ಅವಳಿಗೆ ಉಪಾಯ ಹೊಳೆಯಿತು. ಆ ಕಾದಂಬರಿಗಳಿಗೆಲ್ಲ ಪಠ್ಯಪುಸ್ತಕದ ಹಾಗೆ ಖಾಕಿ ಕಾಗದದ ಬೈಂಡ್ ಹಾಕಿಬಿಟ್ಟಳು. ಮನೆಯಲ್ಲಿ ಯಾರು ನೋಡಿದರೂ ವಿಜ್ಞಾನದ ಪುಸ್ತಕ ಎಂದುಕೊಳ್ಳಬೇಕು! ಬೀಗುತ್ತಾ ನನಗೆ ತೋರಿಸಿದಳು. ನಾನೂ ಭೇಷ್ ಅಂದೆ. ಇಬ್ಬರಿಗೂ ಬುದ್ಧಿ ಇರಲಿಲ್ಲ.

ಆ ದಿನಗಳಲ್ಲೇ ಒಬ್ಬ ಹುಡುಗಿ ಬರತೊಡಗಿದ್ದಳು. ಎಂಟನೇ ಕ್ಲಾಸು, ಕೊನೆಯ ಕಪಾಟಿನ ಮೂಲೆಯಲ್ಲೇ ನಿಲ್ಲುವವಳು. ಚಿಕ್ಕಮ್ಮ ಅವಳನ್ನು ಮೂಲೆ ಹುಡುಗಿ ಎನ್ನುತ್ತಿದ್ದಳು. ಓದುತ್ತಿದ್ದದ್ದು ಆ ಫೋಟೋದ ಕಾದಂಬರಿಯನ್ನೇ, ಅದರಲ್ಲೂ ನಡುವಿನ ಒಂದೇ ಅಧ್ಯಾಯವನ್ನು ಮತ್ತೆ ಮತ್ತೆ. ಗಂಟೆ ಹೊಡೆದ ಕೂಡಲೇ ಪುಸ್ತಕ ಇಟ್ಟು ಹೋಗಿಬಿಡುತ್ತಿದ್ದಳು, ಮನೆಗೆ ಒಯ್ಯುತ್ತಿರಲಿಲ್ಲ.

"ಅವಳಿಗೆ ಏನೋ ಆಗಿದೆ ಕಣೇ" ಎಂದು ಚಿಕ್ಕಮ್ಮ ಚಡಪಡಿಸಿದಳು. "ಕೇಳಿದ್ರೆ ಓಡಿಹೋಗ್ತಾಳೆ. ಕೇಳದೇ ಇದ್ರೆ ನನಗೆ ಅನ್ನ ಇಳಿಯಲ್ಲ."

ಕೇಳಲಿಲ್ಲ. ಅದರ ಬದಲು ಖಾಕಿ ಬೈಂಡಿನ ಆ ಪುಸ್ತಕವನ್ನು, "ಪೂರ್ತಿ ಓದು, ಯಾರಿಗೂ ಗೊತ್ತಾಗಲ್ಲ" ಎಂದು ತಾನೇ ಅವಳ ಕೈಗೆ ಕೊಟ್ಟಳು.

ಆದರೆ ಅಷ್ಟರಲ್ಲಿ ಶಾಲೆಗೆಲ್ಲ ಗೊತ್ತಾಗಿತ್ತು. ಖಾಕಿ ಬೈಂಡ್ ಇರುವ ಪುಸ್ತಕ ಎಂದರೆ 'ಆ' ಪುಸ್ತಕ. ಅದು ಯಾರ ಕೈಯಲ್ಲಿದೆಯೋ ಅವಳಿಗೇ ಏನೋ ಆಗಿದೆ. ತಾಯಂದಿರ ಕಣ್ಣಿಗೆ ಮಣ್ಣೆರಚಿದ್ದ ಕಾಗದ ಓರಗೆಯವರ ಮುಂದೆ ಡಂಗುರ ಸಾರುತ್ತಿತ್ತು. ಮೂಲೆ ಹುಡುಗಿ ಲೈಬ್ರರಿಯ ಹೊಸಿಲು ದಾಟುವುದಕ್ಕೂ ಇಲ್ಲ, ಕಾರಿಡಾರಿನಲ್ಲಿ ಯಾರೋ ಒಬ್ಬಳು ಕೂಗಿದಳು: "ಅಯ್ಯೋ, ಖಾಕಿ ಬುಕ್ಕು! ಏನಾಯ್ತೇ ನಿಂಗೆ?" ಉಳಿದವರು ಕಿಸಕ್ಕೆಂದರು. ಹುಡುಗಿ ಪುಸ್ತಕವನ್ನು ಕಿಟಕಿಯ ಮೇಲಿಟ್ಟು ಹೋದವಳು ಮತ್ತೆ ಬರಲಿಲ್ಲ.

"ಇರಲಾರದೆ ಇರುವೆ ಬಿಟ್ಟುಕೊಂಡೆ" ಎಂದು ಚಿಕ್ಕಮ್ಮ ತಲೆ ಚಚ್ಚಿಕೊಂಡಳು. "ನನಗೆ ಬಿಟ್ಟುಕೊಂಡಿದ್ರೆ ಪರವಾಗಿಲ್ಲ, ಆ ಮಗುವಿಗೆ ಬಿಟ್ಟೆ." ದಿನವೂ ಎಂಟನೇ ಕ್ಲಾಸಿನ ಮುಂದೆ ಸುಳಿದಾಡಿದಳು. ಹುಡುಗಿ ತಲೆ ಎತ್ತಲಿಲ್ಲ. ಕೆಲವು ದಿನಕ್ಕೆ ಅವಳು ಊಟದ ಡಬ್ಬಿ ತೆರೆಯುವುದಿಲ್ಲ ಎಂಬ ಸುದ್ದಿ ಬಂತು. ಆಮೇಲೆ ಶಾಲೆ ತಪ್ಪಿಸತೊಡಗಿದಳು ಎಂದೂ ಬಂತು. ಚಿಕ್ಕಮ್ಮನ ಚಪ್ಪಲಿ ಸವೆಯಿತು. ನನಗೆ ಸಿಟ್ಟೂ ಬಂತು, ಭಯವೂ ಆಯಿತು.

ಬೈಂಡ್ ಕಿತ್ತುಹಾಕೋಣ ಎಂದೆ. ಆದರೆ ಕಿತ್ತರೆ ಹೆಸರು ಕಾಣುತ್ತದೆ, ಆ ತಾಯಿ ಮತ್ತೆ ಬರುತ್ತಾಳೆ. ಚಿಕ್ಕಮ್ಮ ನನ್ನನ್ನೇ ದುರುಗುಟ್ಟಿ ನೋಡಿ, "ಹಾಗಾದ್ರೆ ಎಲ್ಲದಕ್ಕೂ ಹಾಕೋಣ" ಎಂದಳು.

ಎಲ್ಲದಕ್ಕೂ ಎಂದರೆ ಎಲ್ಲದಕ್ಕೂ. ಮಹಾಪುರುಷರಿಗೆ, ಮಾತು ಕೇಳುವ ಹುಡುಗಿಯರಿಗೆ, ಗಣಿತದ ಒಗಟುಗಳಿಗೆ, ದೆವ್ವಗಳಿಗೆ. ರಜೆ ಹಾಕಿಸಿ ನನ್ನನ್ನು ಕಪಾಟಿನ ಹಿಂದೆ ಕೂರಿಸಿದಳು. ಕತ್ತರಿ, ಅಂಟು, ಖಾಕಿ ಕಾಗದದ ಸುರುಳಿ. ಹೆಡ್ ಮಿಸ್ ಬಂದು, "ಯಾವ ಪುಸ್ತಕ ಯಾವುದು ಅಂತ ಹೇಗೆ ಗೊತ್ತಾಗ್ಬೇಕು?" ಎಂದರು. "ಬಿಡಿಸಿ ನೋಡ್ಬೇಕು ಮಿಸ್, ಪುಸ್ತಕ ಇರೋದೇ ಅದಕ್ಕಲ್ವಾ" ಎಂದಳು ಚಿಕ್ಕಮ್ಮ. ಅವಳ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ.

ಒಂದೇ ವಾರದಲ್ಲಿ ಖಾಕಿ ಬುಕ್ಕಿನ ಮಾತು ಸತ್ತುಹೋಯಿತು. ದೆವ್ವ ಬೇಕೆಂದವಳಿಗೆ ಕುಡುಕ ಅಪ್ಪ ಸಿಕ್ಕಿದ, ಒಗಟು ಬೇಕೆಂದವಳಿಗೆ ಊಟ ಬಿಟ್ಟ ಹುಡುಗಿ ಸಿಕ್ಕಿದಳು. ಬಯ್ದುಕೊಂಡೇ ಓದಿದರು. ಚಿಕ್ಕಮ್ಮನ ಕಣ್ಣು ಮಾತ್ರ ಬಾಗಿಲಲ್ಲೇ.

ಒಂದು ಮಧ್ಯಾಹ್ನ ಊಟ ಮುಗಿಸಿ, ಕೊನೆಯ ಕಪಾಟಿನ ಹಿಂದೆ ನಾನು ಬಿಚ್ಚಿಕೊಂಡ ಬೈಂಡುಗಳಿಗೆ ಅಂಟು ಹಚ್ಚುತ್ತಿದ್ದೆ. ಯಾರೋ ಬಂದ ಸದ್ದಾಯಿತು. ಸಂದಿಯಿಂದ ನೋಡಿದರೆ ಮೂಲೆ ಹುಡುಗಿ. ಸೊರಗಿದ್ದಳು. ಹೆಗಲಿನ ಚೀಲ ಇಳಿಸದೆ ಮೇಜಿನ ಮುಂದೆ ನಿಂತಳು.

"ಮಿಸ್, ಆ ಪುಸ್ತಕ ನಾನು ಪೂರ್ತಿ ಓದ್ಲಿಲ್ಲ."

"ಕೊಡ್ತೀನಿ, ತಗೊಂಡು ಹೋಗು."

"ಬೇಡ. ನೀವೇ ಹೇಳಿ. ಆ ಹುಡುಗಿ ಕೊನೆಗೆ ಯಾರಿಗೆ ಹೇಳ್ತಾಳೆ?"

ಆ ಕಾದಂಬರಿಯನ್ನು ನಾನು ಎರಡು ಸಲ ಓದಿದ್ದೇನೆ. ಅದರ ಹುಡುಗಿ ಯಾರಿಗೂ ಹೇಳುವುದಿಲ್ಲ. ಎಲ್ಲವನ್ನೂ ನುಂಗಿಕೊಂಡು ಬೇರೆ ಊರಿಗೆ ಹೋಗುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಆ ಕೊನೆಯನ್ನು ಚಿಕ್ಕಮ್ಮ ನನ್ನೆದುರೇ ಬಾಯಿಗೆ ಬಂದಂತೆ ಬಯ್ದಿದ್ದಳು.

"ಲೈಬ್ರರಿ ಮಿಸ್‌ಗೆ ಹೇಳ್ತಾಳೆ" ಎಂದಳು ಚಿಕ್ಕಮ್ಮ.

ಹುಡುಗಿ ಹೆಗಲಿನ ಚೀಲ ಇಳಿಸಿ ಮೇಜಿನ ಮೇಲಿಟ್ಟಳು. "ಮಿಸ್ ಬಯ್ತಾರಾ?"

"ಇಲ್ಲ. ಅವಳನ್ನ ಬಯ್ಯಲ್ಲ."

"ಆಮೇಲೆ?"

"ಆಮೇಲೆ ಇಬ್ಬರೂ ಸೇರಿ ಅವಳ ಅಮ್ಮನ ಹತ್ರ ಹೋಗ್ತಾರೆ."

"ಯಾವಾಗ ಮಿಸ್?"

"ಇವತ್ತೇ" ಎಂದಳು ಚಿಕ್ಕಮ್ಮ. "ಸ್ಕೂಲ್ ಬಿಟ್ಟ ಮೇಲೆ."