ಇದ್ದಿಲು, ಕೊಬ್ಬರಿಎಣ್ಣೆ

ದಾಂಡೇಲಿಯ ಒಂದು ರೆಸಾರ್ಟಿನಲ್ಲಿ ಶನಿವಾರ ಸಂಜೆ ಮೈಕು ಹಿಡಿಯುವುದು ನನ್ನ ಕೆಲಸವಾಗಿತ್ತು. ರಾಫ್ಟಿಂಗ್ ಮುಗಿಸಿ ಬಂದ ಅತಿಥಿಗಳು ಪಕೋಡ ತಿನ್ನುತ್ತ ಕೂತಿರುತ್ತಿದ್ದರು. ಹಳಿಯಾಳದ ಕಡೆಯಿಂದ ಬಸ್ಸಿನಲ್ಲಿ ಬಂದ ಸಿದ್ದಿ ಹೆಂಗಸರು, ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ಇಲ್ಲಿಯವರೇ ಆದವರ ವಂಶದವರು, ಅವರೆದುರು ಡಮಾಮಿ ಬಾರಿಸಿ ಕುಣಿಯುತ್ತಿದ್ದರು. ಮದುವೆ, ಹಬ್ಬ ಬಂದರೆ ಅವರ ಅಂಗಳದಲ್ಲಿ ಬಾರಿಸುವ ಚರ್ಮವಾದ್ಯ ಅದು.

ನಾನು ಹೇಳಹೊರಟ ಸಂಜೆ ಮಳೆ ಬರುತ್ತಿತ್ತು ಅಂತ ಬರೆಯಲು ಕೈ ಹೋಗುತ್ತದೆ. ಬರುತ್ತಿರಲಿಲ್ಲ. ನೆನಪು ತನಗೆ ಬೇಕಾದ ಹಿನ್ನೆಲೆ ಬಿಡಿಸಿಕೊಳ್ಳುತ್ತದೆ. ಖಚಿತವಾಗಿ ಉಳಿದಿರುವುದು ವಾಸನೆ ಮಾತ್ರ: ಸ್ಟೀಲ್ ಬಟ್ಟಲಲ್ಲಿ ಕೊಬ್ಬರಿಎಣ್ಣೆ ಹಾಕಿ ಕಲಸಿದ ಇದ್ದಿಲು.

ಮ್ಯಾನೇಜರ್ ಆ ಬಟ್ಟಲನ್ನು ತಂಡದ ಹಿರಿಯಳ ಮುಂದೆ ಹಿಡಿದ.

"ಮೌಶಿ, ಮಾರಿಗೆ, ಕೈಗೆ ಹಚ್ಕೊಳ್ರಿ. ಸಾಕಷ್ಟು ಕರ್ರಗ ಕಾಣೂದಿಲ್ಲ ಅಂತ ಗೆಸ್ಟ್ ಕಂಪ್ಲೇಂಟ್ ಮಾಡ್ಯಾರ. ಸೀರಿ ಬ್ಯಾಡ, ಎಲಿ ಕಟ್ಕೊಳ್ರಿ."

"ಹುಟ್ಟಿಸಿದಾಂವ ಇಷ್ಟ ಸಾಕಂದಾನ. ನಿಮಗ ಸಾಲವಲ್ದೇನ್ರಿ ಸಾಹೇಬ್ರ?"

ಹೆಂಗಸರು ನಕ್ಕರು. ಆತ ನಗಲಿಲ್ಲ. "ಹಚ್ಕೊಳ್ಳಲಿಲ್ಲಂದ್ರ ಮುಂದಿನ ವಾರದಿಂದ ಬರಬ್ಯಾಡ್ರಿ."

ಆ ಶನಿವಾರಗಳು ಅವರಿಗೆ ಬೇಕಿದ್ದವು. ಎಲ್ಲರೂ ಹಿರಿಯಳ ಮುಖ ನೋಡಿದರು. ಆಕೆ ಬಟ್ಟಲನ್ನು ಕಾಲಿಂದ ಪಕ್ಕಕ್ಕೆ ಸರಿಸಿ, "ಎಲಿ ದನಕ್ಕ ಹಾಕ್ರಿ" ಅಂದು, ಸೀರೆಯಲ್ಲೇ ಅಂಗಳಕ್ಕೆ ನಡೆದಳು.

ಅಲ್ಲಿ ಒಬ್ಬ ಅತಿಥಿ ಹಲ್ಲು ಕಡಿದು, ಬೆರಳನ್ನು ಬಾಯಿಗಿಟ್ಟು ಅಭಿನಯಿಸಿ ಕೇಳಿದ: ಹಸಿಮಾಂಸ ತಿನ್ನುತ್ತೀರಾ?

"ಯಾಕ್ರಿ ಅಣ್ಣಾರ, ಹಲ್ಲು ನೋವೇನ್ರಿ?" ಅಂದಳು ಆಕೆ.

ಆಫ್ರಿಕಾದ ಕಾಡಿನ ಜನ, ಇವರಿಗೆ ನಮ್ಮ ಭಾಷೆ ಬರುವುದಿಲ್ಲ ಅಂತ ಹೇಳಲು ಮ್ಯಾನೇಜರ್ ನನಗೆ ತಾಕೀತು ಮಾಡಿದ್ದ. ನಾನು ಮೈಕಿನಲ್ಲಿ ಅಂದೆ: "ಇವರು ಹಳಿಯಾಳದಿಂದ ಬಸ್ಸಿನಲ್ಲಿ ಬಂದಿದ್ದಾರೆ. ಕನ್ನಡ ನಿಮಗಿಂತ ಚೆನ್ನಾಗಿ ಬರುತ್ತದೆ. ನಿಮ್ಮನ್ನು ಮೆಚ್ಚಿಸಲು ಇವರ ಮುಖಕ್ಕೆ ಬಳಿಸಲೆಂದು ಒಳಗೆ ಇದ್ದಿಲು ಕಲಸಿಟ್ಟಿದ್ದಾರೆ." ಇಷ್ಟು ಸರಾಗವಾಗಿ ಅಂದಿರಲಿಕ್ಕಿಲ್ಲ.

ಅತಿಥಿಗಳು ಬಿದ್ದು ಬಿದ್ದು ನಕ್ಕರು. ಇದೂ ಆಟದ ಭಾಗ ಅಂದುಕೊಂಡರು. ಯಾರೋ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಮೈಕು ಸತ್ತಿತು.

ಮುಂದಿನ ಶನಿವಾರ ನನ್ನನ್ನು ಕೀಲಿಕೈ ಕೊಡುವ ಕೌಂಟರಿಗೆ ಹಾಕಿದ್ದರು. ಅಲ್ಲಿಂದಲೇ ನೋಡಿದೆ. ಅಡುಗೆಮನೆಯ ಕೆಲಸಗಾರರು ಇದ್ದಿಲು ಬಳಿದುಕೊಂಡು, ಎಲೆ ಕಟ್ಟಿಕೊಂಡು, ಸ್ಪೀಕರಿನ ಹಾಡಿಗೆ ಹೂ ಹೂ ಅಂತ ಕುಪ್ಪಳಿಸುತ್ತಿದ್ದರು. 'ಸಿದ್ದಿ ನೃತ್ಯ' ಅಂತ ಹೊಸ ಮೈಕಿನವನು ಕೂಗಿದ. ಅತಿಥಿಗಳು ಫೋಟೋಕ್ಕೆ ಸಾಲು ನಿಂತರು. ಆಮೇಲೆ ಪಾತ್ರೆ ತೊಳೆಯುವ ನಲ್ಲಿಯಡಿ ಕಪ್ಪು ನೀರು ಅನ್ನದ ಅಗುಳುಗಳ ಜೊತೆ ಹರಿಯಿತು. ಮರುದಿನದಿಂದ ನಾನು ಕೆಲಸಕ್ಕೆ ಹೋಗಲಿಲ್ಲ.

ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಹಿರಿಯಳು ಸಿಕ್ಕಾಗ ಎಲ್ಲ ಹೇಳಿದೆ.

"ಡಮಾಮಿ ಯಾರ್ ಬಾರಿಸಿದ್ರು?"

"ಯಾರೂ ಇಲ್ಲರಿ. ಸ್ಪೀಕರ್."

"ಹಂಗಾರ ನಮ್ದೇನೂ ಹೋಗಿಲ್ಲ ಬಿಡ್ರಿ" ಅಂದಳು ಅಂತ ಬರೆದರೆ ಇದು ಚೆಂದವಾಗಿ ಮುಗಿಯುತ್ತದೆ. ಆಕೆ ಹಾಗೆ ಅನ್ನಲಿಲ್ಲ. "ಶನಿವಾರ ಈಗ ಮಂದಿ ಗದ್ದಿ ಕೂಲಿಗೆ ಹೊಂಟೇವ್ರಿ" ಅಂದಳು. ನೆಲಕ್ಕೆ ಥೂ ಅಂತ ಉಗಿದು ಬಸ್ಸು ಹತ್ತಿದಳು.