ಶಿವಮೂರ್ತಿಯ ಹೆಸರಿನಲ್ಲಿ

"ನಿಮ್ಮ ಹೆಸರಿಗೆ ಲೋನ್ ಆಗಲ್ಲ ಸರ್," ಎಂದು ಬ್ಯಾಂಕಿನ ಹುಡುಗಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದಳು. "ಹಳೇದೊಂದು ವೆಹಿಕಲ್ ಲೋನ್ ಬಾಕಿ ತೋರಿಸ್ತಿದೆ."

"ಆ ಗಾಡಿ ಅವರೇ ತಕ್ಕಂಡೋದ್ರಲ್ಲ ಮೇಡಂ?"

"ತಗೊಂಡು ಹರಾಜು ಹಾಕಿದ್ದಾರೆ. ಬಂದ ದುಡ್ಡು ಸಾಲಕ್ಕೆ ಸಾಲಲಿಲ್ಲ. ಉಳಿದಿದ್ದನ್ನ ನೀವು ಕಟ್ಟಿಲ್ಲ. ಅದಕ್ಕೇ ಸಿಬಿಲ್ ಸ್ಕೋರ್ ಬಿದ್ದಿದೆ."

ಶಿವಮೂರ್ತಿ ತಲೆಯಾಡಿಸಿ ಎದ್ದ. ಸಿಟ್ಟಾಗಲಿ ನಾಚಿಕೆಯಾಗಲಿ ಅವನಿಗೆ ಬರಲಿಲ್ಲ. ಹೊರಗೆ ಬಂದು ನಂಜನಗೂಡಿನ ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತು, ಮಗಳನ್ನು ಕರೆದುಕೊಳ್ಳಲು ಬಸ್ ಸ್ಟ್ಯಾಂಡಿಗೆ ಹೋದ.

ಅವನು ಕವಲಂದೆಯವನು. ಕೊರೊನಾಗೆ ಮುಂಚಿನ ವರ್ಷ ತಿ. ನರಸೀಪುರದ ಒಂದು ಫೈನಾನ್ಸ್ ಕಂಪನಿಯಲ್ಲಿ ಸಾಲ ಮಾಡಿ ಲಗೇಜ್ ಆಟೋ ತೆಗೆದಿದ್ದ. ಸಂತೆಗಳಿಗೆ ತರಕಾರಿ, ಬಾಳೆಗೊನೆ ಹೊಡೆಯುತ್ತಿದ್ದ. ಲಾಕ್‌ಡೌನಿನಲ್ಲಿ ಸಂತೆಗಳು ನಿಂತವು, ಕಂತುಗಳೂ ನಿಂತವು. ಕೊನೆಗೆ ಕಂಪನಿಯವರು ಬಂದು ಗಾಡಿ ಎಳೆದುಕೊಂಡು ಹೋದರು. ಗಾಡಿಯ ಜೊತೆ ಸಾಲವೂ ಹೋಯಿತೆಂದು ಅವನು ತಿಳಿದಿದ್ದ. ಆಮೇಲೆ ತಾಂಡ್ಯದಲ್ಲಿ ಔಷಧಿ ಡಬ್ಬಿ ಮಾಡುವ ಫ್ಯಾಕ್ಟರಿಗೆ ಸೇರಿ, ಸಂಸಾರ ಸಮೇತ ನಂಜನಗೂಡಿಗೆ ಬಂದ. ಅಂದಿನಿಂದ ಮನೆಗೆ ಬೇಕಾದ ಸಾಲವನ್ನೆಲ್ಲ ಹೆಂಡತಿ ರೋಜಾ ಎತ್ತುತ್ತಿದ್ದಳು. ಎರಡು ಮಹಿಳಾ ಸಂಘದ ಸಾಲ ಅವಳ ಹೆಸರಲ್ಲೇ ಇದ್ದವು. ಅಡವಿಟ್ಟ ಕಿವಿಯೋಲೆಯೂ ಅವಳದೇ. ಕಂತು ಹೊಂದಿಸಲು ಅವಳು ಭಾನುವಾರವೂ ಡ್ಯೂಟಿ ಮಾಡುತ್ತಿದ್ದಳು. ಆ ಸಂಘದ ಸಾಲ ತೀರಿಸುವುದಕ್ಕೆಂದೇ ಶಿವಮೂರ್ತಿ ಬ್ಯಾಂಕಿನಲ್ಲಿ ಕಡಿಮೆ ಬಡ್ಡಿಯ ಸಾಲ ಕೇಳಿದ್ದು.

ರೋಜಾ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಆಯಾ. ಅವಳದು ಸೆಕೆಂಡ್ ಶಿಫ್ಟ್, ಇವನದು ಫಸ್ಟ್ ಶಿಫ್ಟ್. ಶಿವಮೂರ್ತಿಯ ತಾಯಿ ಗೋವಿಂದಮ್ಮ ಊರಲ್ಲಿ ಲಕ್ವ ಹೊಡೆದು ಮಲಗಿದ್ದ ಗಂಡನನ್ನು ನೋಡಿಕೊಳ್ಳುತ್ತಿದ್ದುದರಿಂದ ಮೊಮ್ಮಗಳನ್ನು ಅಲ್ಲಿ ಬಿಡುವಂತಿರಲಿಲ್ಲ. ಹಾಗಾಗಿ ಮಧ್ಯಾಹ್ನ ರೋಜಾ ಅಂಗನವಾಡಿಯಿಂದ ಮಗು ಗೌತಮಿಯನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಬರುವಳು. ಇವನು ತಾಂಡ್ಯದಿಂದ ಬಂದು ಮಗುವನ್ನು ಕೈಗೆ ತೆಗೆದುಕೊಳ್ಳುವನು. ಅವಳು ಮೈಸೂರು ಬಸ್ ಹತ್ತುವಳು. ಗಂಡ ಹೆಂಡತಿಯ ಮಾತುಕತೆಯೆಲ್ಲ ಹೆಚ್ಚುಕಡಿಮೆ ಅಷ್ಟರೊಳಗೇ ಮುಗಿಯಬೇಕು.

"ಏನಂದ್ರು?" ಎಂದು ಅವತ್ತು ರೋಜಾ ಕೇಳಿದಳು.

"ಆಟೋ ಸಾಲ ಇನ್ನೂ ಅದಂತೆ."

ರೋಜಾ ಅವನ ಮುಖವನ್ನೇ ನೋಡಿದಳು. "ಸರಿ. ಮಗೀಗೆ ಮೂಗು ಕಟ್ಕಂಡದೆ, ಬಿಸಿನೀರು ಕುಡ್ಸಿ," ಎಂದು ಹೇಳಿ ಬಸ್ ಹತ್ತಿದಳು.

ಮುಂದಿನ ವಾರದ ರಜೆಯ ದಿನ ಶಿವಮೂರ್ತಿ ಮಗುವನ್ನು ಕರೆದುಕೊಂಡು ತಿ. ನರಸೀಪುರಕ್ಕೆ ಹೋದ. ದಾರಿಯಲ್ಲಿ ಗೌತಮಿ ಬಸ್ಸಿನಲ್ಲೇ ವಾಂತಿ ಮಾಡಿಕೊಂಡಳು. ಇಳಿದು ನೋಡಿದರೆ ಫೈನಾನ್ಸ್ ಆಫೀಸಿದ್ದ ಜಾಗದಲ್ಲಿ ಕನ್ನಡಕದ ಅಂಗಡಿ. ಹಿಂದೆ ಇಲ್ಲಿದ್ದವರು ಎಲ್ಲಿ ಹೋದರೆಂದು ಅಂಗಡಿಯವರಿಗೆ ಗೊತ್ತಿರಲಿಲ್ಲ. ಕೊಳೆಯಾದ ಫ್ರಾಕಿನ ಮಗುವನ್ನು ಎತ್ತಿಕೊಂಡು ಅವನು ರಸ್ತೆ ಪಕ್ಕ ನಿಂತಿದ್ದಾಗ ಎದುರಿನ ಕೋಳಿ ಅಂಗಡಿಯಿಂದ ಒಬ್ಬ ಕೂಗಿದ.

"ಕವಲಂದೇರಲ್ವಾ ನೀವು? ಲಗೇಜ್ ಆಟೋ?"

"ಊ. ನೀವ್ಯಾರು, ಗೊತ್ತಾಗ್ನಿಲ್ಲ."

"ನಂಜುಂಡೇಶ ಕಣ್ರೀ. ನಿಮ್ ಗಾಡಿ ಎಳ್ಕಂಡ್ ಬಂದೋನು ನಾನೇ. ಆಗ ಕಂಪ್ನೀಲಿ ರಿಕವರಿಗಿದ್ದೆ."

ನಂಜುಂಡೇಶ ನಲ್ಲಿ ತೋರಿಸಿದ. ಶಿವಮೂರ್ತಿ ಮಗಳ ಫ್ರಾಕು ತೊಳೆದು ಗೋಡೆಯ ಮೇಲೆ ಹರವಿ, ಅವಳಿಗೆ ತನ್ನ ಟವಲು ಸುತ್ತಿದ. ನಂಜುಂಡೇಶ ಅವಳ ಕೈಗೆ ಬಿಸ್ಕತ್ತು ಕೊಟ್ಟು ಸ್ಟೂಲಿನ ಮೇಲೆ ಕೂರಿಸಿದ.

"ಆ ಕೆಲ್ಸದಲ್ಲಿ ಎಲ್ರೂ ಬೈದವ್ರೆ. ಒಬ್ಬ ಮಚ್ಚು ತಕ್ಕಂಡ್ ಬಂದಿದ್ದ. ನೀವೊಬ್ರೇ ಕೀ ಕೈಗ್ ಕೊಟ್ಟು, ಊಟ ಆಯ್ತಾ ಅಂತ ಕೇಳಿದ್ರಿ. ಅವತ್ತು ನಂಗೆ ಅನ್ನ ಸೇರ್ನಿಲ್ಲ."

ಹಾಗೆ ಕೇಳಿದ್ದು ಶಿವಮೂರ್ತಿಗೆ ನೆನಪಿರಲಿಲ್ಲ. ಗಾಡಿ ಹೋದ ಮೇಲೆ ಮನೆ ಮುಂದೆ ಉಳಿದಿದ್ದ ಎಣ್ಣೆ ಕಲೆ ಮಾತ್ರ ನೆನಪಿತ್ತು. "ಈಗ ಆ ದುಡ್ಡು ಯಾರಿಗ್ ಕಟ್ಬೇಕು?" ಎಂದ.

ನಂಜುಂಡೇಶ ಹಳೆಯ ಜೊತೆಗಾರನಿಗೆ ಫೋನ್ ಮಾಡಿ ವಿಚಾರಿಸಿದ. ಕಂಪನಿಯನ್ನು ಬೇರೆಯವರು ಕೊಂಡಿದ್ದರು, ಆಫೀಸು ಮೈಸೂರಿನಲ್ಲಿತ್ತು. "ಒಂದ್ ಮಾತು," ಎಂದ ನಂಜುಂಡೇಶ. "ಅರ್ಧ ಕಟ್ಟಿ ಸೆಟ್ಲ್‌ಮೆಂಟ್ ಮಾಡ್ಕಳಿ ಅಂತಾರೆ. ಒಪ್ಕಬೇಡಿ. ಸೆಟ್ಲ್ ಮಾಡ್ಕಂಡವ್ನೆ ಅಂತ ಸಿಬಿಲ್ನಲ್ಲಿ ಬಿದ್ರೆ ಬ್ಯಾಂಕ್ನೋರು ಅದುನ್ನೂ ಕೆಟ್ಟದು ಅಂತ್ಲೇ ನೋಡೋದು. ಬಡ್ಡಿ ಬಿಡುಸ್ಕಳಿ. ಅಸಲು ಪೂರ್ತಿ ಕಟ್ಟಿ, ಬಾಕಿ ಇಲ್ಲ ಅಂತ ಬರುಸ್ಕಳಿ."

ಮೈಸೂರಿನ ಆಫೀಸಿಗೆ ರೋಜಾ ಹೋದಳು. ಅವಳಿಗೆ ಆಸ್ಪತ್ರೆಗೆ ಹೋಗುವ ದಾರಿ ಅದು. ನಂಜುಂಡೇಶ ಹೇಳಿದಂತೆಯೇ ಅವರು ಅರ್ಧಕ್ಕೆ ಮುಗಿಸುವ ಮಾತಾಡಿದರು. ಮಾರನೇ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಮಗುವನ್ನು ಕೊಡುತ್ತಲೇ ಅವಳು ಆ ಮಾತೆತ್ತಿದಳು.

"ಅರ್ಧ ಕಟ್ಟಿ ಕೈ ತೊಳ್ಕಳನ."

"ಬ್ಯಾಡ. ಪೂರ್ತಿ ಕಟ್ತೀನಿ."

"ನನ್ ಓಲೆ ಬುಡುಸ್ಕಳಕ್ಕೇ ಆಗ್ನಿಲ್ಲ, ಇಲ್ದಿರೋ ಗಾಡಿಗೆ ಪೂರ್ತಿ ಕಟ್ತೀರಾ?"

"ಎಲ್ಲಾನೂ ನಿನ್ ಹೆಸ್ರಲ್ಲೇ ಆಯ್ತು ಕಣೆ," ಎಂದ ಶಿವಮೂರ್ತಿ. "ಒಂದಾದ್ರೂ ನಾನು ಹೊತ್ಕಬೇಕು."

ಕಂಡಕ್ಟರ್ ವಿಷಲ್ ಊದಿದ. ರೋಜಾ ಬಸ್ ಹತ್ತಿದಳು.

ಕಂಪನಿಯವರು ಬಡ್ಡಿ ಬಿಟ್ಟರು, ಅಸಲು ಅರವತ್ತು ಸಾವಿರದಷ್ಟು ಉಳಿಯಿತು. ಒಂದಿಷ್ಟಕ್ಕೆ ಅವನು ಪಿಎಫ್ ದುಡ್ಡು ತೆಗೆದ. ಮಿಕ್ಕಿದ್ದಕ್ಕೆ ಶಿಫ್ಟ್ ಮುಗಿದ ಮೇಲೂ ನಿಂತು ಓಟಿ ಮಾಡತೊಡಗಿದ. ಓಟಿ ಇದ್ದ ದಿನ ರೋಜಾ ಗೌತಮಿಯನ್ನು ಪಕ್ಕದ ಮನೆಯ ಗುರುಸಿದ್ದಮ್ಮನ ಹತ್ತಿರ ಬಿಟ್ಟು ಹೋಗುವಳು. ಗುರುಸಿದ್ದಮ್ಮ ಮನೆಯಲ್ಲೇ ಹೂ ಕಟ್ಟಿ ಮಾರುವವಳು. ಮಗುವಿನ ಹಾಲು ಬಿಸ್ಕತ್ತಿಗೆಂದು ಇವರು ತಿಂಗಳಿಗಿಷ್ಟು ಕೊಡುತ್ತಿದ್ದರು.

ಅಂಥದೊಂದು ದಿನ ಮಗುವಿಗೆ ಜ್ವರ ಏರಿ ಫಿಟ್ಸ್ ಬಂತು. ಫ್ಯಾಕ್ಟರಿಯಲ್ಲಿ ಫೋನನ್ನು ಲಾಕರಿನಲ್ಲಿ ಇಡಬೇಕು. ಗುರುಸಿದ್ದಮ್ಮ ಎಷ್ಟು ಸಲ ಫೋನ್ ಮಾಡಿದರೂ ಇವನೂ ಎತ್ತಲಿಲ್ಲ, ಡ್ಯೂಟಿಯಲ್ಲಿದ್ದ ರೋಜಾಳೂ ಎತ್ತಲಿಲ್ಲ. ಅವಳೇ ಆಟೋ ಹಿಡಿದು ಸರ್ಕಾರಿ ಆಸ್ಪತ್ರೆಗೆ ಎತ್ತಿಕೊಂಡು ಹೋದಳು. ಶಿವಮೂರ್ತಿ ಓಡಿಬಂದಾಗ ಗೌತಮಿ ಬೆಡ್ಡಿನ ಮೇಲೆ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಳು.

"ಎಲ್ಲೋಗಿದ್ಯಪ್ಪ, ಕಣ್ಣು ಮೇಲಕ್ ಹಾಕ್ಬುಟ್ಟಿತ್ತು ಮಗಾ!" ಎಂದು ಗುರುಸಿದ್ದಮ್ಮ ಅತ್ತಳು.

ತನಗೂ ಅಳು ಬರಬೇಕಿತ್ತು ಎಂದು ಶಿವಮೂರ್ತಿಗೆ ಅನ್ನಿಸಿತು. ಬರಲಿಲ್ಲ. ಮಗಳ ಪಾದ ಹಿಡಿದುಕೊಂಡು ಕುಳಿತ, ಅಷ್ಟೇ. ಮಾರನೇ ದಿನವೇ ಸೂಪರ್‌ವೈಸರಿಗೆ ಓಟಿ ಬೇಡವೆಂದು ಹೇಳಿದ. ಆರು ತಿಂಗಳಲ್ಲಿ ಮುಗಿಯಬೇಕಾದ ಬಾಕಿ ವರ್ಷ ದಾಟಿತು.

ಬಾಕಿ ಇಲ್ಲವೆಂಬ ಪತ್ರ ಕೈಗೆ ಬಂದ ಮೇಲೂ ಬ್ಯಾಂಕಿನ ಹುಡುಗಿ, "ಈಗಲೇ ಆಗಲ್ಲ ಸರ್, ಸ್ವಲ್ಪ ದಿನ ನಿಮ್ಮ ಹೆಸರಲ್ಲಿ ಏನಾದ್ರೂ ಸರಿಯಾಗಿ ಕಟ್ಟಿ ತೋರಿಸ್ಬೇಕು," ಎಂದಳು. ಅವಳ ಮಾತಿನಂತೆ ಒಂದು ಚಿಕ್ಕ ಎಫ್‌ಡಿ ಇಟ್ಟು ಅದರ ಆಧಾರದ ಮೇಲೆ ಕ್ರೆಡಿಟ್ ಕಾರ್ಡ್ ತೆಗೆದುಕೊಂಡ. ತಿಂಗಳ ರೇಷನ್ನು, ಫೋನ್ ರೀಚಾರ್ಜು ಬಿಟ್ಟರೆ ಬೇರೇನಕ್ಕೂ ಅದನ್ನು ಮುಟ್ಟಲಿಲ್ಲ. ಸಂಬಳ ಬಿದ್ದ ದಿನವೇ ಪೂರ್ತಿ ಕಟ್ಟುತ್ತಿದ್ದ. ಊರಲ್ಲಿ ಅಪ್ಪ ತೀರಿಕೊಂಡ ತಿಂಗಳೂ ಕಟ್ಟಿದ. ಖುಷಿಯೂ ಬೇಜಾರೂ ಇಲ್ಲದೆ, ಮೆಷಿನ್ನಿಗೆ ಎಣ್ಣೆ ಬಿಡುವಂತೆ ಕಟ್ಟಿದ.

ಈ ವರ್ಷ ಅವನ ಹೆಸರಿಗೆ ಸಾಲ ಮಂಜೂರಾಯಿತು. "ಕಂಗ್ರಾಜುಲೇಷನ್ಸ್ ಸರ್" ಎಂದಳು ಹುಡುಗಿ. ಅವನು ಹೂಂ ಎಂದು, ಅವಳು ತೋರಿಸಿದ ಕಡೆಯೆಲ್ಲ ಸಹಿ ಹಾಕಿದ. ಎರಡೂ ಸಂಘದ ಸಾಲ ಒಂದೇ ವಾರದಲ್ಲಿ ತೀರಿದವು. ಓಲೆ ಅಡವಿನಲ್ಲೇ ಉಳಿಯಿತು. ಈಗ ಕಂತು ಇವನದು, ಐದು ವರ್ಷದ್ದು. ರೋಜಾ ಭಾನುವಾರದ ಡ್ಯೂಟಿ ಬಿಟ್ಟಳು.

ಆ ಮೊದಲ ಭಾನುವಾರ ಇಬ್ಬರೂ ಮನೆಯಲ್ಲಿದ್ದರು. ಗೌತಮಿ ಎದ್ದು ಅಪ್ಪನನ್ನೂ ಅಮ್ಮನನ್ನೂ ನೋಡಿ, "ಇವತ್ತು ಯಾರು ಓಗದು?" ಎಂದು ಕೇಳಿದಳು.

"ಯಾರೂ ಓಗಲ್ಲ ಕಣವ್ವ," ಎಂದಳು ರೋಜಾ. ಮಗುವಿಗೆ ನಂಬಿಕೆ ಬರಲಿಲ್ಲ. ಅಮ್ಮನ ಚಪ್ಪಲಿ ಎತ್ತಿಕೊಂಡು ಹೋಗಿ ಅಕ್ಕಿ ಡಬ್ಬದ ಹಿಂದೆ ಇಟ್ಟಳು.

ತಿಂಡಿ ಆದ ಮೇಲೆ ರೋಜಾ ಒಂದು ಗಳಿಗೆ ಎಂದು ಮಲಗಿದವಳು ಮಧ್ಯಾಹ್ನವಾದರೂ ಏಳಲಿಲ್ಲ. ಶಿವಮೂರ್ತಿ ಎಬ್ಬಿಸಲಿಲ್ಲ. ಅನ್ನಕ್ಕಿಟ್ಟು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾರಿಗೆ ಬೆಳ್ಳುಳ್ಳಿ ಸುಲಿಯತೊಡಗಿದ.